ತಪ್ಪು ಬರೆಯಲು ಕಲಿಸಿದವರು

ಅವರ ಬಲಗೈ ಕಿರುಬೆರಳ ತುದಿ ಯಾವಾಗಲೂ ನೀಲಿಯಾಗಿರುತ್ತಿತ್ತು. ಬೋರ್ಡಿನ ಮೇಲೆ ಬರೆದದ್ದರಲ್ಲಿ ಏನಾದರೂ ತಪ್ಪಿದ್ದರೆ ಅವರು ಡಸ್ಟರ್ ಮುಟ್ಟುತ್ತಿರಲಿಲ್ಲ. ತಪ್ಪಿದ ಅಂಕಿಯನ್ನೋ ಚಿಹ್ನೆಯನ್ನೋ ಮಾತ್ರ ಕಿರುಬೆರಳಿನಿಂದ ಒರೆಸಿ, ಆ ಸಣ್ಣ ಜಾಗದಲ್ಲಿ ಸರಿಯಾದದ್ದನ್ನು ಕೂರಿಸುತ್ತಿದ್ದರು. ಅಕ್ಕಪಕ್ಕದ ಬರಹ ಅಲುಗುತ್ತಿರಲಿಲ್ಲ. ಸೇವೆಯಲ್ಲಿದ್ದಾಗ ಆ ಬೆರಳು ಸೀಮೆಸುಣ್ಣದ ಬಿಳಿಯಾಗಿದ್ದಿರಬೇಕು. ನಾನು ಅವರನ್ನು ಕಂಡಾಗ ಮಾರ್ಕರ್ ಪೆನ್ನಿನ ಕಾಲ, ಹಾಗಾಗಿ ನೀಲಿ. ಸೋಪು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ. "ಏನ್ ಮೇಡಮ್ಮೋರೆ, ವೋಟ್ ಆಕ್ಬಂದ್ರಾ?" ಎಂದು ಯಾರಾದರೂ ಕೇಳಿದರೆ, "ದಿನಾ ಹಾಕ್ತೀನಿ ಕಣ್ರೀ, ಗೆದ್ದೋರು ಯಾರೂ ಇಲ್ಲ" ಎಂದು ನಗುತ್ತಿದ್ದರು.

ನಾನು ನಂಜನಗೂಡಿನವನು. ಪ್ರೌಢಶಾಲೆಯಲ್ಲಿ ಗಣಿತ ಹೇಳಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದೆ. ಅವರು ಟಿ. ನರಸೀಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಎರಡೂ ಊರಿಗೆ ಹೊಳೆ ಒಂದೇ, ಬಸ್ಸೂ ಒಂದೇ. ಆದರೂ ಸೇವೆಯಲ್ಲಿದ್ದಷ್ಟು ಕಾಲ ನಮ್ಮ ಭೇಟಿಯಾಗಿರಲಿಲ್ಲ. ಭೇಟಿ ಮಾಡಿಸಿದ್ದು ಕಂಪ್ಯೂಟರು.

ನನ್ನ ಹಳೆಯ ವಿದ್ಯಾರ್ಥಿನಿ ಚೈತ್ರಾ ಕಂಪ್ಯೂಟರ್ ವಿದ್ಯೆ ಓದಿ, ನಂಜನಗೂಡಿನಲ್ಲೇ ರೈಲ್ವೆ ಸ್ಟೇಷನ್ ಹತ್ತಿರ ಒಂದು ಮಹಡಿ ಮನೆಯನ್ನು ಬಾಡಿಗೆಗೆ ಹಿಡಿದು, ಇಬ್ಬರು ಗೆಳೆಯರ ಜೊತೆ ಒಂದು ಕೆಲಸ ಶುರುಮಾಡಿದ್ದಳು. ಕನ್ನಡದಲ್ಲಿ ಬರೆದ ಗಣಿತವನ್ನು ಓದಿ ಅರ್ಥ ಮಾಡಿಕೊಳ್ಳುವುದನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ. ನನ್ನನ್ನು ಕರೆಯಲು ಮನೆಗೆ ಬಂದಳು.

"ಅದೇ ಲೆಕ್ಕ ಮಾಡೋ ಯಂತ್ರ ಅಲ್ಲವೇನಮ್ಮ, ಅದಕ್ಕೆ ನಾವೇನು ಕಲಿಸೋದು?" ಎಂದೆ.

"ಲೆಕ್ಕ ಮಾಡೋಕೆ ಬರುತ್ತೆ ಸರ್. ಲೆಕ್ಕ ಓದೋಕೆ ಬರಲ್ಲ" ಎಂದಳು.

ನಿಜ. ಎರಡು ದೊಡ್ಡ ಸಂಖ್ಯೆಗಳನ್ನು ಕೊಟ್ಟರೆ ಅದು ರೆಪ್ಪೆ ಬಡಿಯುವುದರೊಳಗೆ ಗುಣಿಸುತ್ತದೆ. ಆದರೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಹಾಳೆಯ ಮೇಲೆ "ಅಪ್ಪನ ವಯಸ್ಸು ಮಗಳ ವಯಸ್ಸಿನ ಮೂರರಷ್ಟು ಅಂದುಕೊಂಡೆ, ಆಮೇಲೆ ಐದು ವರ್ಷ ಸೇರಿಸಿದೆ" ಎಂದು ಬರೆದರೆ, ಅವಳು ಯಾರ ವಯಸ್ಸಿಗೆ ಐದು ಸೇರಿಸಿದಳು, ಅದು ಸರಿಯೇ, ಮುಂದಿನ ಸಾಲು ಅದರಿಂದ ಬರುತ್ತದೆಯೇ ಎಂಬುದು ಅದಕ್ಕೆ ತಿಳಿಯದು. ತಿಳಿಯಬೇಕಾದರೆ ಅಂಥ ಬರಹಗಳನ್ನು ರಾಶಿ ರಾಶಿಯಾಗಿ ಅದಕ್ಕೆ ಓದಿಸಬೇಕು. ಬರೆಯುವುದಕ್ಕೆ ಗಣಿತದ ಹಳೆಯ ಮೇಷ್ಟರುಗಳು ಬೇಕು. ಹಾಗೆ ಸೇರಿದವರು ಮೂವರು: ನಾನು, ತಾಂಡವಪುರದ ಒಬ್ಬ ಮೇಷ್ಟರು, ಮತ್ತು ನರಸೀಪುರದ ಮೇಡಂ.

ಮೊದಲ ದಿನ ಹತ್ತು ಗಂಟೆಗೆ ಎಂದಿದ್ದರು. ನಾನು ಹತ್ತಕ್ಕೆ ಮುಂಚೆಯೇ ಹೋಗಿ, ಪೆನ್ನು ಹಾಳೆ ಜೋಡಿಸಿಕೊಂಡು ಕೂತಿದ್ದೆ. ಮೇಡಂ ಬಂದದ್ದು ಹತ್ತೂವರೆ ದಾಟಿದ ಮೇಲೆ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಕಡ್ಲೆಪುರಿ ಪೊಟ್ಟಣ. ಚಪ್ಪಲಿಯ ಉಂಗುಷ್ಠ ಬಸ್ಸಿನಲ್ಲಿ ಕಿತ್ತುಹೋಗಿತ್ತಂತೆ.

"ಹತ್ತು ಗಂಟೆ ಅಂದರೆ ಹತ್ತು ಗಂಟೆ ಅಮ್ಮ" ಎಂದೆ. ಅಭ್ಯಾಸಬಲ.

"ಹೌದು ಸಾರ್, ಹತ್ತಕ್ಕೆ ನಾನು ಗಡಿಯಾರ ನೋಡ್ದೆ, ಸರಿಯಾಗೇ ಇತ್ತು. ತಪ್ಪೆಲ್ಲ ಬಸ್ಸಿಂದು. ಪುರಿ ತಗೊಳ್ಳಿ" ಎಂದು ಪೊಟ್ಟಣ ಬಿಚ್ಚಿ ನನ್ನ ಹಾಳೆಗಳ ಮೇಲೇ ಇಟ್ಟರು.

ಅವರ ಕೆಲಸದ ರೀತಿ ನನಗೆ ಹಿಡಿಸುವಂಥದ್ದಾಗಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕುರ್ಚಿಯಲ್ಲಿ ಕೂತು ಯೋಚಿಸುವುದು ಅವರಿಂದ ಆಗುತ್ತಿರಲಿಲ್ಲ. ಕೋಣೆಯ ಉದ್ದಕ್ಕೂ ಓಡಾಡಬೇಕು. ಕೀಬೋರ್ಡಿನ ಮೇಲೆ ಒಂದೇ ಬೆರಳು. ಸಂದಿಗಳಲ್ಲೆಲ್ಲ ಪುರಿಯ ಚೂರು. ಬರೆದ ಪ್ರತಿ ಸಾಲನ್ನೂ ಕಂಪ್ಯೂಟರಿನ ಮುಂದೆ ಬಗ್ಗಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅದನ್ನು "ಮರಿ" ಎಂದು ಕರೆಯುತ್ತಿದ್ದರು.

"ಮೇಡಂ, ಅದಕ್ಕೆ ಕಿವಿ ಇಲ್ಲ. ಟೈಪ್ ಮಾಡಿದ್ದನ್ನ ಮಾತ್ರ ಓದುತ್ತೆ" ಎಂದು ಚೈತ್ರಾ ಹೇಳಿದಳು.

"ಅದಕ್ಕೆ ಕಿವಿ ಇಲ್ದಿದ್ರೆ ಹೋಗ್ಲಿ, ನನಗೆ ಬಾಯಿ ಇದೆಯಲ್ಲಮ್ಮ."

ನಾನು ಒಮ್ಮೆ ಈ ಗದ್ದಲಕ್ಕೆ ರೇಗಿದಾಗ ಕಿಟಕಿಯ ಕಡೆ, ಕಪಿಲೆ ಹರಿಯುವ ದಿಕ್ಕಿಗೆ, ಕೈತೋರಿಸಿ ಹೇಳಿದರು: "ನಿಮ್ಮೂರಲ್ಲಿ ಹರಿದ ನೀರೇ ಸಾರ್ ಆಮೇಲೆ ನಮ್ಮೂರಿಗೆ ಬರೋದು. ಸಿಟ್ಟನ್ನೆಲ್ಲ ಹೊಳೇಲಿ ತೊಳ್ಕೋಬೇಡಿ, ನಾವು ಕುಡೀಬೇಕು." ಸಿಟ್ಟು ಅಲ್ಲಿಗೆ ಮುಗಿಯಿತು. ಅವರೆದುರು ಯಾರ ಸಿಟ್ಟೂ ಬಹಳ ಹೊತ್ತು ನಿಂತದ್ದನ್ನು ನಾನು ನೋಡಿಲ್ಲ.

ಮೊದಲ ಕೆಲವು ವಾರ ಕೆಲಸ ಸುಸೂತ್ರವಾಗಿ ನಡೆಯಿತು. ಲೆಕ್ಕ ಬರೆಯುವುದು, ಅದರ ಬಿಡಿಸುವಿಕೆಯನ್ನು ಸಾಲು ಸಾಲಾಗಿ ಬರೆಯುವುದು. ದತ್ತ, ಸಾಧನೀಯ, ರಚನೆ, ಸಾಧನೆ. ಜೀವಮಾನವೆಲ್ಲ ಮಾಡಿದ ಕೆಲಸ, ಕೈ ತಾನಾಗಿ ಓಡುತ್ತಿತ್ತು. ಆಮೇಲೆ ಒಂದು ದಿನ ಚೈತ್ರಾ, "ಇನ್ನು ಮೇಲೆ ತಪ್ಪು ಬರೀಬೇಕು ಸರ್" ಎಂದಳು.

ಮೂವರೂ ಅವಳ ಮುಖ ನೋಡಿದೆವು.

ಅವಳು ವಿವರಿಸಿದಳು. ಬರೀ ಸರಿಯನ್ನೇ ಓದಿದ ಯಂತ್ರಕ್ಕೆ ತಪ್ಪು ಎದುರಾದಾಗ ಗುರುತು ಸಿಗುವುದಿಲ್ಲ. ಸರಿ ಉತ್ತರಗಳ ಜೊತೆಗೆ ತಪ್ಪು ಉತ್ತರಗಳೂ ಅಷ್ಟೇ ಬೇಕು. ಬೇಕೆಂದೇ ತಪ್ಪಾಗಿ ಬರೆದು ಕೊಡಿ.

ಇದು ಎಷ್ಟು ಕಷ್ಟದ ಕೆಲಸವೆಂದು ಮೇಷ್ಟರಾಗದವರಿಗೆ ತಿಳಿಯಲಾರದು. ತಾಂಡವಪುರದ ಮೇಷ್ಟರು ಒಂದು ತಪ್ಪು ಸಾಲು ಬರೆದು, ಮರುಕ್ಷಣ ಜೇಬಿನಿಂದ ಕೆಂಪು ಪೆನ್ನು ತೆಗೆದು ಅದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಸರಿ ಉತ್ತರ ಬರೆದರು. ಚೈತ್ರಾ ಹಾಳೆ ಬದಲಿಸಿ ಕೊಟ್ಟಳು. ಮತ್ತೆ ಅದೇ.

"ಕೈ ಕೇಳಾಕಿಲ್ಲ ಕಣವ್ವ" ಎಂದರು ಅವರು. "ಉಟ್ಟಿದಾಗಿಂದ ಸುಳ್ಳೇಳ್ದೋನ್ಗೆ ಕೋರ್ಟಲ್ಲಿ ಸುಳ್ಸಾಕ್ಷಿ ಏಳು ಅಂದಂಗಾಯ್ತು."

"ಹುಟ್ಟಿದಾಗಿಂದ ಸುಳ್ಳು ಹೇಳಿದೋನಿಗೆ ಅದು ಸಲೀಸಲ್ವಾ ಮೇಷ್ಟ್ರೇ?" ಎಂದರು ಮೇಡಂ.

"ಸುಳ್ಳೇ ಏಳ್ದೆ ಇರೋನ್ಗೆ ಅಂದೆ ಕಣ್ ಬುಡವ್ವ. ನೋಡು, ಬಾಯಲ್ಲಿ ಬತ್ತದೆ ತಪ್ಪು, ಕೈಯಲ್ಲಿ ಬರಾಕಿಲ್ಲ."

ನಾನು ನನ್ನ ಪದ್ಧತಿಯಂತೆ ಕೆಲಸಕ್ಕೆ ಕ್ರಮ ಹಾಕಿಕೊಂಡೆ. ಪ್ರತಿ ಲೆಕ್ಕದಲ್ಲೂ ಮೂರು ಸಾಲು ಸರಿಯಾಗಿ ಬರೆದು, ನಾಲ್ಕನೆಯ ಸಾಲಿನಲ್ಲಿ ಒಂದು ತಪ್ಪು ಇಡುವುದು. ಚೊಕ್ಕಟವಾಗಿ ಒಂದು ಕಟ್ಟು ಮುಗಿಸಿ ಎಲ್ಲರಿಗಿಂತ ಮೊದಲು ಒಪ್ಪಿಸಿದೆ. ಅದನ್ನು ಓದಿಸಿದ ಮೇಲೆ ಯಂತ್ರವನ್ನು ಪರೀಕ್ಷೆ ಮಾಡಿದರೆ, ಅದು ತಪ್ಪುಗಳನ್ನೆಲ್ಲ ಪಟಪಟನೆ ಹಿಡಿಯಿತು. ಚೈತ್ರಾಳ ಗೆಳೆಯರು ಕೈಕುಲುಕಿಕೊಂಡರು. ಮೇಡಂ ಮಾತ್ರ ಅನುಮಾನದಿಂದ, ಪೂರ್ತಿ ಸರಿಯಾದ ಒಂದು ಉತ್ತರವನ್ನು ಬರೆದು ಅದಕ್ಕೆ ಕೊಟ್ಟರು. ನಾಲ್ಕನೆಯ ಸಾಲು ತಪ್ಪು ಎಂದಿತು. ಇನ್ನೊಂದು ಕೊಟ್ಟರು. ನಾಲ್ಕನೆಯ ಸಾಲು ತಪ್ಪು. ಕೊನೆಗೆ ನಾಲ್ಕನೆಯ ಸಾಲಿನಲ್ಲಿ "ಎರಡು ಕೂಡಿಸು ಎರಡು ನಾಲ್ಕು" ಎಂದು ಬರೆದು ಕೊಟ್ಟರು. ಅದೂ ತಪ್ಪಂತೆ.

ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು, ನಿಲ್ಲಿಸಲಾಗದೆ ಕಿಟಕಿಯ ಕಂಬಿ ಹಿಡಿದು ನಕ್ಕರು. "ಸಾರ್, ನೀವು ಮರಿಗೆ ಲೆಕ್ಕ ಕಲಿಸಿಲ್ಲ. ಟೈಂಟೇಬಲ್ ಕಲಿಸಿದ್ದೀರಿ!"

ನಾನೂ ನಕ್ಕೆ. ಬೇರೇನು ಮಾಡುವುದು?

ಅವರಿಗೆ ಮಾತ್ರ ತಪ್ಪು ಬರೆಯುವುದು ನೀರು ಕುಡಿದಷ್ಟು ಸುಲಭವಾಗಿತ್ತು. ಏಕೆಂದರೆ ಅವರು ಒಂದನ್ನೂ ಹೊಸದಾಗಿ ಕಟ್ಟುತ್ತಿರಲಿಲ್ಲ. ತಮ್ಮ ತರಗತಿಯಲ್ಲಿ ಮಕ್ಕಳು ಮಾಡಿದ ತಪ್ಪುಗಳೆಲ್ಲ ಅವರಿಗೆ ನೆನಪಿದ್ದವು, ಮಾಡಿದ ಮಗುವಿನ ಮುಖದ ಸಮೇತ. "ಇದು ಸೋಸಲೆಯಿಂದ ಬರ್ತಿದ್ದ ಎರಡು ಜಡೆಯವಳದು." "ಇದು ಅಕ್ಕ ತಂಗಿ ಇಬ್ಬರೂ ಮಾಡ್ತಿದ್ರು, ವಂಶಪಾರಂಪರ್ಯ." ಎರಡು ಭಿನ್ನರಾಶಿಗಳನ್ನು ಕೂಡುವಾಗ ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಬಿಡುವ ತಪ್ಪು ಎಲ್ಲ ಶಾಲೆಯಲ್ಲೂ ಇದೆ. ನಾನು ಅದಕ್ಕೆ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಿದ್ದೆ. ಮೇಡಂ ಒಬ್ಬ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು, "ಯಾಕೆ ಹೀಗೆ ಮಾಡಿದೆ ಹೇಳು ಮಗ" ಎಂದು ಕೇಳಿದ್ದರಂತೆ. ಅವಳು ಹೇಳಿದ್ದನ್ನು ಅವಳ ದನಿಯಲ್ಲೇ ನಮಗೆ ಹೇಳಿದರು:

"ಮಿಸ್, ಮೊದ್ಲ ಟೆಸ್ಟಲ್ಲಿ ನಂಗೆ ಐದಕ್ಕೆ ಮೂರು ಬಂತು. ಎರಡ್ನೇದ್ರಲ್ಲಿ ಐದಕ್ಕೆ ನಾಕು ಬಂತು. ನೀವೇ ಕೂಡಿ ಹತ್ತಕ್ಕೆ ಏಳು ಅಂತ ಬರುದ್ರಿ. ನೀವ್ ಕೂಡುದ್ರೆ ಸರಿ, ನಾನ್ ಕೂಡುದ್ರೆ ತಪ್ಪಾ?"

ಇಷ್ಟು ವರ್ಷ ಆ ಲೆಕ್ಕ ಹೇಳಿದ ನನಗೆ ಆ ಮಗುವಿನ ವಾದ ಒಮ್ಮೆಯೂ ಹೊಳೆದಿರಲಿಲ್ಲ.

"ತಪ್ಪಿಗೂ ಒಂದು ಮನೆತನ ಇರುತ್ತೆ ಸಾರ್" ಎಂದರು ಮೇಡಂ. "ಯಾವ ತಪ್ಪೂ ಅನಾಥ ಅಲ್ಲ. ಎಲ್ಲೋ ಒಂದು ಕಡೆ ಸರಿಯಾಗಿದ್ದದ್ದು ಇನ್ನೆಲ್ಲೋ ಬಂದು ಕೂತಿರುತ್ತೆ, ಅಷ್ಟೆ."

ಆಮೇಲೆ ಅವರು ನನಗೆ ತಪ್ಪು ಬರೆಯುವುದನ್ನು ಕಲಿಸಲು ಕೂತರು. ಕೂತರು ಎನ್ನುವುದು ಮಾತಿಗೆ, ಓಡಾಡುತ್ತಲೇ ಕಲಿಸಿದರು. "ಲೆಕ್ಕ ನೋಡಬೇಡಿ. ಮೊದಲು ಒಂದು ಮಗೂನ ನೆನೆಸ್ಕೊಳ್ಳಿ. ಅದು ಎಲ್ಲಿ ಕೂರ್ತಿತ್ತು? ಯಾವುದಕ್ಕೆ ಹೆದರ್ತಿತ್ತು? ಅದರ ಕೈಗೆ ಪೆನ್ನು ಕೊಡಿ, ನೀವು ಸುಮ್ನೆ ಇರಿ." ನನಗೆ ಕಡೆಯ ಬೆಂಚಿನ ಒಬ್ಬನ ನೆನಪಾಯಿತು. ಕಳೆಯುವ ಚಿಹ್ನೆ ಕಂಡರೆ ಅವನಿಗೆ ಭಯ; ಸಾಧ್ಯವಾದ ಕಡೆಯೆಲ್ಲ ಅದನ್ನು ಕೂಡುವ ಚಿಹ್ನೆಯಾಗಿ ಓದಿಕೊಳ್ಳುತ್ತಿದ್ದ. ಅವನಾಗಿ ಒಂದು ಸಮೀಕರಣ ಬಿಡಿಸಿದೆ. ಎಲ್ಲಿ ತಪ್ಪಬೇಕೆಂದು ನಾನು ಗೊತ್ತು ಮಾಡಲಿಲ್ಲ. ಅದು ಅವನಿಗೆ ಬರಬೇಕಾದ ಕಡೆ ತಾನಾಗಿ ಬಂತು.

ಮೇಡಂ ಹಾಳೆ ಎತ್ತಿಕೊಂಡು ಓದಿ, "ಎಂಥಾ ಚೆನ್ನಾದ ತಪ್ಪು ಸಾರ್!" ಎಂದರು. ಮುಖ್ಯೋಪಾಧ್ಯಾಯನಾಗಿ ಹೂಮಾಲೆ ಹಾಕಿಸಿಕೊಂಡ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ತಾಂಡವಪುರದ ಮೇಷ್ಟರಿಗೂ ಕೈ ಹತ್ತಿತು. ಸಮೀಕರಣದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸಂಖ್ಯೆಯನ್ನು ದಾಟಿಸುವುದಕ್ಕೆ ಕನ್ನಡದಲ್ಲಿ ಪಕ್ಷಾಂತರ ಎನ್ನುತ್ತಾರೆ. ದಾಟುವಾಗ ಚಿಹ್ನೆ ಬದಲಾಗಬೇಕು, ಮಕ್ಕಳು ಮರೆಯುತ್ತಾರೆ. ಆ ತಪ್ಪನ್ನು ಬರೆದು ಬರೆದು ಅವರು, "ಪಕ್ಷಾಂತರ ಮಾಡುದ್ಮೇಲೆ ಚಿಹ್ನೆ ಬದಲಾಯಿಸ್ಲೇಬೇಕು ಕಣ್ರೀ ಸಾ. ನಮ್ಮ್ ಎಮ್ಮೆಲ್ಲೆಗಳ್ಗೆ ಗೊತ್ತಿರೋದು ಈ ಐಕ್ಳುಗೆ ಗೊತ್ತಾಗಾಕಿಲ್ವಲ್ಲ!" ಎಂದರು. ಆ ದಿನ ಕೆಳಗಿನ ಅಂಗಡಿಯವನು ಏನಾಯಿತೆಂದು ಮಹಡಿ ಹತ್ತಿ ಬಂದು ನೋಡಿಹೋದ.

ಹೀಗೆ ನಗುತ್ತ ನಡೆದಿದ್ದ ಕೆಲಸಕ್ಕೆ ಒಂದು ದಿನ ತಡೆ ಬಿತ್ತು.

ಯಂತ್ರ ಈಗ ತಪ್ಪನ್ನು ನಿಜವಾಗಿ ಗುರುತಿಸುವಷ್ಟು ಕಲಿತಿತ್ತು. ಮುಂದಿನ ತಿಂಗಳು ಮೇಡಂ ಪಾಠ ಹೇಳಿದ್ದ ನರಸೀಪುರದ ಶಾಲೆಯಲ್ಲೇ, ಎಂಟನೇ ತರಗತಿಯ ಹುಡುಗಿಯರ ಮುಂದೆ ಅದರ ಮೊದಲ ಪ್ರಯೋಗ. ಈ ಕೆಲಸಕ್ಕೆ ನೆರವು ಕೊಟ್ಟ ಸಂಸ್ಥೆಯವರು ನೋಡಲು ಬರುವವರಿದ್ದರು. ಚೈತ್ರಾ ನಮಗೆ ಪರದೆಯ ಮೇಲೆ ತೋರಿಸಿದಳು: ಮಗು ಬರೆದ ಉತ್ತರದ ಚಿತ್ರ ತೆಗೆದು ಕೊಟ್ಟರೆ ಯಂತ್ರ ಓದುತ್ತದೆ, ಸರಿಯಿದ್ದರೆ ಹಸಿರು ಗುರುತು. ತಪ್ಪಿದ್ದರೆ ಇಡೀ ಉತ್ತರದ ಮೇಲೆ, ಮೂಲೆಯಿಂದ ಮೂಲೆಗೆ, ಕೆಂಪು ಇಂಟು ಮಾರ್ಕು.

ಮೇಡಂ ಓಡಾಟ ನಿಲ್ಲಿಸಿದರು. "ಎಲ್ಲೀವರ್ಗೂ ಸರಿ ಅಂತ ಹೇಳಲ್ವಾ?"

"ಇಲ್ಲ ಮೇಡಂ. ಸರಿ, ಇಲ್ಲಾ ತಪ್ಪು, ಎರಡೇ. ಅವರು ಕೇಳಿರೋದು ಅಷ್ಟೇ."

"ಹಾಗಾದ್ರೆ ನನ್ನ ತಪ್ಪುಗಳನ್ನೆಲ್ಲ ವಾಪಸ್ ಕೊಡಿಯಮ್ಮ."

ತಮಾಷೆ ಎಂದುಕೊಂಡು ತಾಂಡವಪುರದ ಮೇಷ್ಟರು ನಕ್ಕರು. ಮೇಡಂ ನಗಲಿಲ್ಲ. ಅವರು ನಗದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅವು ನನ್ನವಲ್ಲ, ನನ್ನ ಮಕ್ಕಳವು. ನನ್ನನ್ನ ನಂಬಿ ಹತ್ರ ಕೂತು ಹೇಳಿದ್ದು. ಅದನ್ನೆಲ್ಲ ಓದ್ಕೊಂಡು ಕೊನೆಗೆ ಬರೀ ಇಂಟು ಹಾಕೋದಾದ್ರೆ ಅದು ನನ್ನ ಶಾಲೆ ಮೆಟ್ಟಿಲು ಹತ್ತೋದು ಬೇಡ."

ಆಮೇಲೆ ಕೂತು, ನಿಧಾನವಾಗಿ ಒಬ್ಬ ಹುಡುಗಿಯ ವಿಷಯ ಹೇಳಿದರು. ಮುಡುಕುತೊರೆ ಕಡೆಯವಳು. ಲೆಕ್ಕವೆಂದರೆ ಪ್ರಾಣ. ಒಂದು ಪರೀಕ್ಷೆಯಲ್ಲಿ ದೊಡ್ಡ ಲೆಕ್ಕವೊಂದನ್ನು ಮುಕ್ಕಾಲು ಪಾಲು ಸರಿಯಾಗಿ ಬಿಡಿಸಿ, ಕಡೆಗೆ ಒಂದು ಕಡೆ ಜಾರಿದ್ದಳು. ತಿದ್ದಿದವರು ಹಾಳೆಗೆ ಅಡ್ಡಲಾಗಿ ಒಂದು ಗೆರೆ ಎಳೆದಿದ್ದರು. ಹುಡುಗಿ ಆ ಗೆರೆ ನೋಡಿ, ತನಗೆ ಏನೂ ಬರುವುದಿಲ್ಲ ಎಂದು ತೀರ್ಮಾನಿಸಿ, ಮರುವಾರದಿಂದ ಶಾಲೆಗೆ ಬರಲಿಲ್ಲ. ಮೇಡಂ ಅವಳ ಊರಿಗೆ ಹೋಗಿ ಮನೆಯವರನ್ನು ಕಂಡು ಬಂದರು. "ಇಲ್ಲಿ ನೋಡು, ಇಲ್ಲೀವರ್ಗೂ ನೀನು ಸರಿ ಅಂತ ಹಾಳೆ ತೋರಿಸ್ದೆ ಸಾರ್. ತಡವಾಗಿತ್ತು. ಅವಳು ಹಾಳೆ ಕಡೆ ನೋಡ್ಲೇ ಇಲ್ಲ."

ಮತ್ತೆ ತಮ್ಮ ಎಂದಿನ ದನಿಗೆ ಬಂದರು. "ನೋಡಮ್ಮ ಚೈತ್ರಾ. ನರಸೀಪುರಕ್ಕೆ ಹೋಗೋಳು ಮರೆತು ಗುಂಡ್ಲುಪೇಟೆ ಬಸ್ ಹತ್ತಿದ್ಲು ಅಂತಿಟ್ಕೋ. ಕಂಡಕ್ಟರ್ ಏನಂತಾನೆ? 'ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ಬಸ್‌ಸ್ಟ್ಯಾಂಡಿಗೆ ಹೋಗಮ್ಮ, ಅಲ್ಲೀವರ್ಗೂ ನೀನು ಬಂದಿದ್ದು ಸರಿ' ಅಂತಾನೆ. 'ನಿನಗೆ ಬಸ್ಸೇ ಆಗಿಬರಲ್ಲ, ಮನೇಲಿರು' ಅಂತಾನಾ?"

ಚೈತ್ರಾ ತಲೆ ಕೆರೆದುಕೊಂಡಳು. ಅವಳ ಕಷ್ಟವೂ ಸಣ್ಣದಾಗಿರಲಿಲ್ಲ. ಎಲ್ಲಿಯವರೆಗೆ ಸರಿ ಎಂದು ಯಂತ್ರ ಹೇಳಬೇಕಾದರೆ, ನಾವು ಈವರೆಗೆ ಬರೆದ ಒಂದೊಂದು ತಪ್ಪು ಉತ್ತರವನ್ನೂ ಮತ್ತೆ ತೆಗೆದು, ದಾರಿ ತಪ್ಪಿದ್ದು ಯಾವ ಸಾಲಿನಲ್ಲಿ ಎಂದು ಗುರುತು ಹಾಕಿ, ಎಲ್ಲವನ್ನೂ ಮೊದಲಿನಿಂದ ಓದಿಸಬೇಕು. ಪ್ರಯೋಗದ ದಿನವನ್ನು ಮುಂದಕ್ಕೆ ಹಾಕುವಂತಿಲ್ಲ. "ನೀವು ಮೂವರೂ ಗುರುತು ಹಾಕಿ ಮುಗಿಸಿದ್ರೆ ನಾನು ಓದಿಸ್ತೀನಿ ಮೇಡಂ. ಮುಗೀದಿದ್ರೆ ಇಂಟು ಮಾರ್ಕೇ ಗತಿ."

"ಮುಗೀದಿದ್ರೆ ನಾನು ಬಾಗಿಲಲ್ಲಿ ನಿಂತಿರ್ತೀನಿ" ಎಂದರು ಮೇಡಂ.

ಇಲ್ಲಿ ನನ್ನ ಶಿಸ್ತು ಉಪಯೋಗಕ್ಕೆ ಬಂತು. ನಾನು ವೇಳಾಪಟ್ಟಿ ಹಾಕಿದೆ. ಯಾರು ಯಾವ ಕಟ್ಟು, ಯಾವ ಹೊತ್ತಿಗೆ ಶುರು, ಯಾವ ಹೊತ್ತಿಗೆ ಕಾಫಿ. ಮೇಡಂ ಮೊದಲ ಬಸ್ಸಿಗೇ ಬರತೊಡಗಿದರು. ನಾನು ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. "ಹತ್ತು ಗಂಟೆ ಅಂದ್ರೆ ಹತ್ತು ಗಂಟೆ ಸಾರ್" ಎಂದು ನನ್ನನ್ನೇ ಗದರಿಸುತ್ತಿದ್ದರು, ಗಂಟೆ ಒಂಬತ್ತೂ ಆಗಿರುತ್ತಿರಲಿಲ್ಲ.

ಆ ದಿನಗಳ ಜಗಳಗಳಷ್ಟು ಸುಖವಾದ ಜಗಳಗಳನ್ನು ನಾನು ಆಡಿಲ್ಲ. ತಪ್ಪು ಎಲ್ಲಿ ಶುರುವಾಯಿತು ಎಂಬುದೇ ಜಗಳ. ಒಂದು ಬಸ್ಸು ಹೋಗುವಾಗ ಗಂಟೆಗೆ ನಲವತ್ತು ಕಿಲೋಮೀಟರ್ ವೇಗ, ಅದೇ ದಾರಿಯಲ್ಲಿ ಬರುವಾಗ ಅರವತ್ತು. ಸರಾಸರಿ ವೇಗ ಎಷ್ಟು? ಎರಡನ್ನೂ ಕೂಡಿದೆ, ನೂರು ಬಂತು, ಅರ್ಧ ಮಾಡಿದೆ, ಐವತ್ತು ಎಂದು ಮಗು ಬರೆದಿದೆ. ಉತ್ತರ ತಪ್ಪು. ನಿಧಾನವಾಗಿ ಹೋದಾಗ ಹೆಚ್ಚು ಹೊತ್ತು ಹಿಡಿಯುತ್ತದೆ, ಆದ್ದರಿಂದ ಸರಾಸರಿ ಐವತ್ತಕ್ಕಿಂತ ಕಡಿಮೆ. ಆದರೆ ತಪ್ಪಿದ್ದು ಯಾವ ಸಾಲಿನಲ್ಲಿ?

"ಕೂಡುದ್ಲಲ್ಲ, ಅಲ್ಲೇ ಕೆಟ್ಳು" ಎಂದರು ತಾಂಡವಪುರದ ಮೇಷ್ಟರು.

"ಕೂಡೋದು ಅಪರಾಧವೇನ್ರೀ? ನಲವತ್ತು ಅರವತ್ತು ಕೂಡಿದ್ರೆ ನೂರೇ ತಾನೆ?"

"ನೂರೇಯ. ಆದ್ರೆ ಯಾಕ್ ಕೂಡ್ಬೇಕಿತ್ತು? ಕೂಡ್ದಾಗ್ಲೇ ಮನ್ಸಲ್ಲಿ ತಪ್ಪು ಮಾಡವ್ಳೆ."

"ಮನಸ್ಸಿಗೆ ಮಾರ್ಕ್ಸ್ ಕಳೆಯೋಕೆ ನಾವೇನು ಯಮಧರ್ಮರಾಯರಾ? ಅಲ್ಲಿ ಇನ್ನೂ ದಾರಿ ಕೇಳ್ಕೊಂಡು ನಿಂತವಳೆ ಕಣ್ರೀ ಮಗು. ಅರ್ಧ ಮಾಡಿದ್ಲಲ್ಲ, ಆಗ ತಪ್ಪು ದಾರಿಗೆ ಕಾಲಿಟ್ಲು."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಎರಡು ನಿಮಿಷ ಯೋಚಿಸಿ, ಮೇಡಂ ಪರ ತೀರ್ಪು ಕೊಟ್ಟೆ. ಬರೆದದ್ದಷ್ಟೇ ನಮ್ಮ ಮುಂದಿರುವುದು. ಬರೆದ ಸಾಲು ಸುಳ್ಳಾಗುವವರೆಗೆ ಅದು ಸರಿ. ತಾಂಡವಪುರದ ಮೇಷ್ಟರು, "ಎಡ್ಮಾಸ್ಟ್ರು ಯಾವಾಗ್ಲೂ ಎಣ್ಮಕ್ಳ ಸ್ಕೂಲ್ ಕಡೆಗೇಯ" ಎಂದು ಗೊಣಗಿ, ಗುರುತು ಹಾಕಿ, ಪುರಿ ಪೊಟ್ಟಣಕ್ಕೆ ಕೈ ಹಾಕಿದರು.

ಮುಗಿಸಿದೆವು. ಚೈತ್ರಾ ಮತ್ತೆ ಓದಿಸಿದಳು.

ಪ್ರಯೋಗದ ದಿನ ನರಸೀಪುರದ ಶಾಲೆಯ ಆ ಕೋಣೆ ತುಂಬಿತ್ತು. ಮೇಡಂ ಹೊಸ ಸೀರೆ ಉಟ್ಟಿದ್ದರು. ಹಿಂದಿನ ಸಾಲಿನಲ್ಲಿ ಸಂಸ್ಥೆಯವರು ಇಬ್ಬರು, ಗಂಭೀರವಾಗಿ ಕೂತಿದ್ದರು. ಬೋರ್ಡಿನ ಮೇಲೆ ಲೆಕ್ಕ: ಒಂದು ಆಯತದ ಉದ್ದ ಅದರ ಅಗಲಕ್ಕಿಂತ ನಾಲ್ಕು ಮೀಟರ್ ಹೆಚ್ಚು. ಸುತ್ತಳತೆ ನಲವತ್ತು ಮೀಟರ್. ಉದ್ದ, ಅಗಲ ಎಷ್ಟು?

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸಮೀಕರಣವನ್ನು ಸರಿಯಾಗಿ ಕಟ್ಟಿ, ಆವರಣ ಬಿಡಿಸುವಾಗ ಒಂದನ್ನು ಗುಣಿಸಿ ಇನ್ನೊಂದನ್ನು ಹಾಗೇ ಬಿಟ್ಟಿದ್ದಳು. ಹಾಳೆಯ ಚಿತ್ರ ತೆಗೆದರು. ಗೋಡೆಯ ಮೇಲಿನ ಪರದೆಯಲ್ಲಿ ಅಕ್ಷರ ಮೂಡಿತು: "ಎರಡನೆಯ ಸಾಲಿನವರೆಗೆ ಸರಿ. ಮೂರನೆಯ ಸಾಲನ್ನು ಇನ್ನೊಮ್ಮೆ ನೋಡಿ."

ಹುಡುಗಿ ಎದ್ದು ನಿಂತು ಹಿಂದಕ್ಕೆ ತಿರುಗಿ, "ಲೇ, ಎರಡ್ ಸಾಲು ಸರಿಯಂತೆ ಕಣೇ ನಂದು!" ಎಂದು ಕೂಗಿದಳು. ಪಾಸಾದವರ ಕೂಗು. ಪೆನ್ಸಿಲ್ ಹಿಡಿದು ಕೂತು ಮೂರನೆಯ ಸಾಲು ತಿದ್ದತೊಡಗಿದಳು, ಯಾರೂ ಹೇಳದೆ. ಮೇಡಂ ಗೋಡೆಗೆ ಒರಗಿ ನಿಂತಿದ್ದರು. ಕಣ್ಣು ತುಂಬಿತ್ತು, ಬಾಯಿ ಕಿವಿಯವರೆಗೆ ಅಗಲವಾಗಿತ್ತು.

ಇನ್ನೂ ಕೆಲವು ಹಾಳೆಗಳು ಹಾಗೇ ನಡೆದವು. ಆಮೇಲೆ ಕಿಟಕಿ ಪಕ್ಕದ ಒಬ್ಬಳ ಹಾಳೆ ಬಂತು. ಅದರಲ್ಲಿ ಸಮೀಕರಣವೇ ಇರಲಿಲ್ಲ. ಅವಳು ಬರೆದಿದ್ದದ್ದು ಹೀಗೆ: "ಸುತ್ತಳತೆಯ ಅರ್ಧ 20. ಜಾಸ್ತಿ ಇರುವ 4ನ್ನು ಎತ್ತಿಟ್ಟೆ. ಉಳಿದ 16ನ್ನು ಇಬ್ಬರಿಗೂ ಸಮ ಹಂಚಿದೆ, 8, 8. ಎತ್ತಿಟ್ಟಿದ್ದನ್ನು ಉದ್ದಕ್ಕೆ ಕೊಟ್ಟೆ, 12." ಉದ್ದ ಹನ್ನೆರಡು, ಅಗಲ ಎಂಟು. ಪೂರ್ತಿ ಸರಿ. ಸುಂದರವಾದ ದಾರಿ. ನಮ್ಮ ಮೂವರಲ್ಲಿ ಒಬ್ಬರೂ ಇಂಥದೊಂದನ್ನು ಬರೆದಿರಲಿಲ್ಲ.

ಪರದೆಯ ಮೇಲೆ ಬಂತು: "ಒಂದನೆಯ ಸಾಲಿನವರೆಗೆ ಸರಿ. ಎರಡನೆಯ ಸಾಲನ್ನು ಇನ್ನೊಮ್ಮೆ ನೋಡಿ."

ಹುಡುಗಿಯ ಮುಖ ಬಾಡಿತು. ಚೈತ್ರಾಳ ಮುಖ ಅದಕ್ಕಿಂತ ಹೆಚ್ಚು ಬಾಡಿತು. ಹಿಂದಿನ ಸಾಲಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು, "ಇದಕ್ಕೇ ನಾವು ಬರೀ ಉತ್ತರ ಸರಿಯೋ ತಪ್ಪೋ ನೋಡಿದ್ರೆ ಸಾಕು ಅಂದಿದ್ದು" ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಆ ಕೆಂಪು ಇಂಟು ಮಾರ್ಕು ಮತ್ತೆ ಬರುವುದರಲ್ಲಿತ್ತು.

ಮೇಡಂ ಮೊದಲು ಹೋದದ್ದು ಹುಡುಗಿಯ ಹತ್ತಿರ. "ನಿಂದು ಪೂರಾ ಸರಿ ಮಗ. ಎಷ್ಟು ಚೆನ್ನಾಗಿ ಎತ್ತಿಟ್ಟಿದ್ದೀಯ! ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ ಮಿಸ್. ನಾನೂ ನನ್ ತಂಗೀನೂ ಮಿಠಾಯಿ ಅಂಗೇ ಅಂಚ್ಕೊಳ್ಳೋದು."

ಆಮೇಲೆ ಮೇಡಂ ಪರದೆಯ ಮುಂದೆ ಹೋಗಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಅದಕ್ಕೆ ಕಿವಿ ಇಲ್ಲವೆಂಬುದನ್ನು ಮತ್ತೆ ಮರೆತು, ಗಟ್ಟಿಯಾಗಿ ಹೇಳಿದರು: "ಮೊದಲನೇ ಸಾಲು ಚೆನ್ನಾಗಿ ಓದಿದ್ದೀಯಲ್ಲ ಮರಿ, ಅಲ್ಲೀವರ್ಗೂ ನೀನೂ ಸರಿ. ಎರಡನೇ ಸಾಲಲ್ಲಿ ದಾರಿ ತಪ್ಪಿದ್ದೀಯ. ಬಾ, ಕೂತ್ಕೋ, ಹೇಳ್ಕೊಡ್ತೀನಿ."

ಇಡೀ ತರಗತಿ ಗೊಳ್ಳೆಂದಿತು. ಸಂಸ್ಥೆಯವರೂ ನಕ್ಕರು. ನಗು ಇಳಿದ ಮೇಲೆ ಅವರಲ್ಲಿ ಹಿರಿಯರು ಎದ್ದು ಬಂದು ಚೈತ್ರಾಳಿಗೆ, "ಯಂತ್ರ ಎಲ್ಲಿ ಎಡವಿತು ಅಂತ ಇಷ್ಟು ಬೇಗ ಸಿಕ್ಕಿದ್ದೇ ಈ ಸಾಲಿನ ಲೆಕ್ಕದಿಂದ ಅಲ್ವಾ? ಬರೀ ಇಂಟು ಹಾಕಿದ್ದಿದ್ರೆ ನಮಗೂ ತಿಳೀತಿರಲಿಲ್ಲ. ಹೀಗೇ ಇರ್ಲಿ" ಎಂದರು. ಮೇಡಂ ಕೇಳಿಸಿಕೊಂಡರೋ ಇಲ್ಲವೋ. ಅವರು ಆಗಲೇ ಆ ಹುಡುಗಿಯ ಬೆಂಚಿನಲ್ಲಿ ತೂರಿಕೊಂಡು ಕೂತು, ಮಿಠಾಯಿ ಹಂಚುವ ಬೇರೆ ದಾರಿಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಅವಳದೇ ಮಾತುಗಳಲ್ಲಿ ಬರೆದ ಆ ಬಿಡಿಸುವಿಕೆಗಳನ್ನು ಮರುವಾರ ನಾವು ಯಂತ್ರಕ್ಕೆ ಓದಿಸಿದೆವು. ಎತ್ತಿಡುವುದು ಎಂದರೇನೆಂದು ಅದಕ್ಕೀಗ ಗೊತ್ತು.

ಆಮೇಲೂ ಬಹಳ ಕಾಲ ಒಟ್ಟಿಗೆ ಕೆಲಸ ಮಾಡಿದೆವು. ಅವರ ಆರೋಗ್ಯ ಕೆಟ್ಟು ಮೈಸೂರಿನ ಆಸ್ಪತ್ರೆ ಸೇರಿದಾಗ ಫೋನ್ ಮಾಡಿದೆ. "ಡಾಕ್ಟರು ರಿಪೋರ್ಟ್ ನೋಡಿ ತಲೆ ಆಡಿಸಿದ್ರು ಸಾರ್" ಎಂದರು. "ನಾನು ಬಿಡ್ಲಿಲ್ಲ. ಎಲ್ಲೀವರ್ಗೂ ಸರಿ ಇದೆ ಅದನ್ನ ಮೊದಲು ಹೇಳಿ ಅಂದೆ. ಕಣ್ಣು ಸರಿಯಂತೆ, ಕಿವಿ ಸರಿಯಂತೆ, ಹೃದಯ ಅಂತೂ ಫಸ್ಟ್‌ಕ್ಲಾಸಂತೆ. ಕಿಡ್ನಿಯಲ್ಲಿ ದಾರಿ ತಪ್ಪಿದೆ. ಅಷ್ಟು ಸಾಲು ಸರಿ ಬಂದಿದೆಯಲ್ಲ, ಸಾಕು." ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ. "ನಗಿ ಸಾರ್, ಅದಕ್ಕೇ ಹೇಳಿದ್ದು" ಎಂದರು. ನಕ್ಕೆ. ಅದೇ ಕಡೆಯ ಮಾತು.

ಅವರ ಅಂತ್ಯಕ್ರಿಯೆಗೆ ನರಸೀಪುರಕ್ಕೆ ಹೋಗಿ ಬಂದ ಮರುವಾರ ಚೈತ್ರಾ ನಮ್ಮ ಮನೆಗೆ ಒಂದು ಕಟ್ಟು ಹಾಳೆ ತಂದುಕೊಟ್ಟಳು. ಹೊಸ ಶಾಲೆಯೊಂದರ ಮಕ್ಕಳ ಉತ್ತರಗಳು. ಯಂತ್ರಕ್ಕೆ ಓದಿಸುವ ಮೊದಲು ಗುರುತು ಹಾಕಬೇಕು. ಮೊದಲ ಹಾಳೆಯ ಅಡಿಯಲ್ಲಿದ್ದ ಉತ್ತರ ತಪ್ಪೆಂದು ನೋಡಿದ ಕೂಡಲೇ ತಿಳಿಯಿತು. ನಾನು ಮೇಲಿನಿಂದ ಓದಲು ಹಿಡಿದೆ. ಒಂದನೆಯ ಸಾಲು ಸರಿ, ಗುರುತು ಹಾಕಿದೆ. ಎರಡನೆಯದೂ ಸರಿ. ಮೂರನೆಯದರಲ್ಲಿ ಮಗು ದಾರಿ ಬಿಟ್ಟಿತ್ತು. ಯಾಕೆ ಅಲ್ಲಿ ತಿರುಗಿತು? ಏನನ್ನು ಕಂಡು ತಿರುಗಿತು? ಒಳಗಿನಿಂದ ಊಟಕ್ಕೆ ಕರೆದರು. ಬರುತ್ತೇನೆ ಎಂದೆ. ಮತ್ತೆ ಕರೆದರು. ತಟ್ಟೆ ಮುಚ್ಚಿಡಿ ಎಂದು ಹೇಳಿ, ಆ ಮಗು ಯಾವ ಸರಿಯನ್ನು ಹಿಡಿದು ಅಲ್ಲಿಗೆ ಬಂದಿತ್ತು ಎಂದು ಹುಡುಕುತ್ತ ಕೂತೆ.